ಅಣ್ಣ ಬರುವವರೆಗೆ ಇಟ್ಟ ವೈನ್

ವೈನ್ ಮುದಿಯಾಗಿದೆಯೋ ಇಲ್ಲವೋ ಎನ್ನುವುದು ಬಾಯಿಗಿಂತ ಮೊದಲು ಕಣ್ಣಿಗೆ ಗೊತ್ತಾಗುತ್ತದೆ. ಗ್ಲಾಸನ್ನು ಬಿಳಿ ಬಟ್ಟೆಯ ಮೇಲೆ ಸ್ವಲ್ಪ ಓರೆ ಮಾಡಿ ಹಿಡಿದರೆ ಅಂಚಿನಲ್ಲಿ ತೆಳುವಾಗಿ ಒಂದು ಬಣ್ಣ ಕಾಣುತ್ತದೆ. ಎಳೆಯದಾದರೆ ನೇರಳೆ. ಹದಕ್ಕೆ ಬಂದದ್ದಾದರೆ ದಾಳಿಂಬೆಯ ಕೆಂಪು. ಕಾಲ ಮೀರಿದ್ದಾದರೆ ನೀರಿನಲ್ಲಿ ನೆನೆದ ಇಟ್ಟಂಗಿಯ ಬಣ್ಣ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ನಮ್ಮ ಊಟದ ಮೇಜಿಗೆ ಬಿಳಿ ಹೊದಿಕೆ ಇದೆ, ಬಡಿಸುವವಳು ನಾನು, ಅಷ್ಟೇ. ಬಾಯಿಗಿಟ್ಟುಕೊಂಡವರಿಗಿಂತ ಮೊದಲೇ ನನಗೆ ಗೊತ್ತಾಗಿರುತ್ತದೆ.

ನಾನು ಹುಬ್ಬಳ್ಳಿಯವಳು, ಸಿಸ್ಟರುಗಳ ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಕಡೆಯ ಕನ್ನಡ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ ಎಂದರೆ ಕರ್ಚಿಕಾಯಿ, ಚಕ್ಕಲಿ, ಶೇಂಗಾ ಉಂಡಿ. ವೈನ್ ಎನ್ನುವುದು ಪೂಜೆಯಲ್ಲಿ ಫಾದರ್ ಕೈಯ ಪಾತ್ರೆಯಲ್ಲಿ ಇರುವಂಥದು, ಮನೆಯಲ್ಲಿ ಇರುವಂಥದಲ್ಲ. ಮದುವೆಯಾಗಿ ಮುಂಬಯಿಗೆ ಬಂದಾಗ ಅತ್ತೆಯ ಮನೆಯ ಮಂಚದ ಕೆಳಗೆ ಎರಡು ಭರಣಿ ವೈನ್ ಕಂಡು ಗಾಬರಿಯಾಗಿದ್ದೆ. ಮನೆಯೆಂದರೆ ಬೈಕುಲ್ಲಾದ ಒಂದು ಚಾಳಿನಲ್ಲಿ ಒಂದೂವರೆ ಖೋಲಿ. ಮಾವ ರೈಲ್ವೆ ಕೆಲಸಕ್ಕೆಂದು ಗದಗಿನಿಂದ ಬಂದು ಅಲ್ಲೇ ನಿಂತವರು. ಪಕ್ಕದ ಖೋಲಿಯಲ್ಲಿದ್ದ ಗೋವಾದ ಮುದುಕಿಯೊಬ್ಬಳಿಂದ ಅತ್ತೆ ಈ ವಿದ್ಯೆ ಕಲಿತಿದ್ದರು. ಮಾರ್ಕೆಟ್ಟಿನಿಂದ ಕಪ್ಪು ದ್ರಾಕ್ಷಿ ತಂದು, ತೊಳೆದು, ಸೀರೆಯ ಮೇಲೆ ಆರಿಸಿ, ಕೈಯಿಂದಲೇ ಹಿಸುಕಿ ಭರಣಿಗೆ ಹಾಕುತ್ತಿದ್ದರು. ಒಂದು ಹಿಡಿ ಗೋಧಿ, ಲವಂಗ, ದಾಲ್ಚಿನ್ನಿ, ಕೈ ಬಿಚ್ಚಿ ಸಕ್ಕರೆ. ಬಣ್ಣಕ್ಕೆ ಸುಟ್ಟ ಸಕ್ಕರೆ ಬೇರೆ. ಆ ವೈನ್ ಪಾಕದ ಹಾಗೆ ಗಟ್ಟಿಯಾಗಿ, ಸಿಹಿಯಾಗಿ, ಗಂಟಲಿನಿಂದ ಎದೆಯವರೆಗೆ ಬೆಚ್ಚಗೆ ಇಳಿಯುತ್ತಿತ್ತು. ಇಟ್ಟಷ್ಟೂ ಅದಕ್ಕೆ ಕಳೆ. ಮೂರು ವರ್ಷ ಇಟ್ಟದ್ದನ್ನು ತೆಗೆದಾಗ ಖೋಲಿಯ ತುಂಬ ಒಣದ್ರಾಕ್ಷಿಯ, ಲವಂಗದ ಪರಿಮಳ ತುಂಬಿ, ಗ್ಯಾಲರಿಯಲ್ಲಿ ಹೋಗುವವರು ನಿಂತು ಹೋಗುತ್ತಿದ್ದರು.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಭರಣಿ ತೆಗೆದರೆ ಮೊದಲ ಗುಟುಕು ದೊಡ್ಡ ಮಗನಿಗೆ, ಅಂದರೆ ನನ್ನ ಭಾವನಿಗೆ. ಅವರು ಬಾಯಲ್ಲಿ ಹಿಡಿದು, ಕಣ್ಣು ಮುಚ್ಚಿ, ತೀರ್ಪು ಹೇಳಬೇಕು. ಆ ತೀರ್ಪು ಎಂದೂ ಒಳ್ಳೆಯದಿರುತ್ತಿರಲಿಲ್ಲ.

"ಅವ್ವಾ, ಇದನ್ನ ಗ್ಲಾಸಿಗೆ ಹಾಕಬ್ಯಾಡ. ಕೆಮ್ಮ ಬಂದವ್ರಿಗೆ ಚಮಚಾದಾಗ ಕೊಡು."

"ನಿನ್ನ ನಾಲಿಗಿಗೆ ಹಾಗಲಕಾಯಿ ರಸಾನ ಸೈ ನೋಡು," ಎನ್ನುತ್ತಿದ್ದರು ಅತ್ತೆ, ನಗು ತಡೆದುಕೊಂಡು.

"ಅಣ್ಣಾ, ಔಷಧ ಮೂರನೇ ಗ್ಲಾಸ್ ಆತಲ್ಲೋ," ಎಂದು ನಮ್ಮ ಮನೆಯವರು. ಅಲ್ಲಿಂದ ಅಣ್ಣ ತಮ್ಮಂದಿರ ಮಾತಿಗೆ ಮಾತು ಬೆಳೆದು, ಉಣ್ಣುವ ಹೊತ್ತಿಗೆ ಯಾರ ಬಾಲ್ಯದ ಯಾವ ಕಥೆಯೋ ಹೊರಗೆ ಬಂದಿರುತ್ತಿತ್ತು.

ಮದುವೆಯಾದ ಮೊದಲ ಕ್ರಿಸ್ಮಸ್ಸಿನಲ್ಲಿ ನನ್ನ ಕೈಗೂ ಗ್ಲಾಸು ಬಂತು. ಬಡಿಸಿದ್ದನ್ನು ಹೊಗಳಬೇಕು, ತಟ್ಟೆಯಲ್ಲಿ ಬಿಡಬಾರದು ಎಂದು ಸಿಸ್ಟರುಗಳು ಕಲಿಸಿದ್ದನ್ನು ನಾನು ಚಾಚೂ ತಪ್ಪದೆ ಪಾಲಿಸುವವಳು. "ತುಂಬಾ ಚೆನ್ನಾಗಿದೆ ಅತ್ತೀ," ಎಂದೆ. ಅತ್ತೆಯ ಮುಖ ಸಣ್ಣದಾಯಿತು. ಆಮೇಲೆ ಪಾತ್ರೆ ತೊಳೆಯುವಾಗ ಮೆಲ್ಲಗೆ ಅಂದರು, "ಛಲೋ ಅದ ಅಂತ ಹೊರಗಿನವ್ರು ಅಂತಾರವಾ. ನೀ ಈ ಮನಿಯಾಕಿ." ಅದರ ಮರುವರ್ಷ ನಾನು ಸಕ್ಕರೆ ಹೆಚ್ಚಾಯಿತು ಎಂದು ಹೇಳಿದೆ. ಅವರು ನನ್ನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟು, ಇನ್ನರ್ಧ ಗ್ಲಾಸು ಸುರಿದರು.

ನಮ್ಮ ಮನೆಯವರಿಗೆ ರಿಫೈನರಿಯಲ್ಲಿ ಕೆಲಸವಾಗಿ ನಾವು ಚೆಂಬೂರಿಗೆ ಬಂದೆವು. ಭಾವ ಬೈಕುಲ್ಲಾದಲ್ಲೇ ಉಳಿದರು. ಮಾವ ಹೋದ ಮೇಲೆ, ಚಾಳಿನ ಮೆಟ್ಟಿಲು ಹತ್ತಲಾರದೆ ಅತ್ತೆ ನಮ್ಮ ಮನೆಗೆ ಬಂದರು. ಭಾವ ಐತವಾರದ ಪೂಜೆ ಮುಗಿಸಿ ಲೋಕಲ್ ಹಿಡಿದು, ಕುರ್ಲಾದಲ್ಲಿ ಬದಲಿಸಿ ತಪ್ಪದೆ ಬರುತ್ತಿದ್ದರು. ಬಂದವರು ಬಾಗಿಲು ತಟ್ಟುತ್ತಿರಲಿಲ್ಲ. ಕೆಳಗಿನಿಂದಲೇ ತಮ್ಮನನ್ನು ಬೈಯುತ್ತ ಮೆಟ್ಟಿಲು ಹತ್ತುತ್ತಿದ್ದರು. ಲಿಫ್ಟ್ ಇಲ್ಲದ ಬಿಲ್ಡಿಂಗಿನಲ್ಲಿ ಮನೆ ಮಾಡಿದ್ದಕ್ಕೆ, ಬೆಳಿಗ್ಗೆ ಹತ್ತಾದರೂ ಗಡ್ಡ ಮಾಡಿಕೊಳ್ಳದ್ದಕ್ಕೆ, ಏನೂ ಸಿಗದಿದ್ದರೆ ನಮ್ಮ ಕಾಲಿಂಗ್ ಬೆಲ್ಲಿನ ಸದ್ದಿಗೆ.

ಅತ್ತೆ ತೀರಿಕೊಂಡದ್ದು ಒಂದು ಮಧ್ಯಾಹ್ನ. ಬೆಳಿಗ್ಗೆ ಡಾಕ್ಟರು, ಇನ್ನು ಹೆಚ್ಚು ಹೊತ್ತಿಲ್ಲ, ಇವತ್ತೋ ನಾಳೆಯೋ ಎಂದಿದ್ದರು. ಅಣ್ಣ ಕೆಲಸದಲ್ಲಿದ್ದಾನೆ, ಸುಮ್ಮನೆ ಹೆದರಿಸುವುದು ಯಾಕೆ, ಸಂಜೆ ಫೋನ್ ಮಾಡಿದರಾಯಿತು ಎಂದು ನಮ್ಮ ಮನೆಯವರು ತಡೆದರು. ಸಂಜೆಯವರೆಗೆ ಅತ್ತೆ ಕಾಯಲಿಲ್ಲ. ಭಾವ ಬಂದರು, ಅವ್ವನ ಮುಖ ನೋಡಿದರು, ಎಷ್ಟು ಹೊತ್ತಿಗೆ ಹೋದದ್ದು ಎಂದು ಕೇಳಿದರು, ಬೆಳಿಗ್ಗೆ ಡಾಕ್ಟರು ಏನೆಂದರು ಎಂದೂ ಕೇಳಿದರು. ಅದಕ್ಕೆ ಉತ್ತರ ಸಿಕ್ಕ ಮೇಲೆ ಒಂದು ಮಾತೂ ಆಡದೆ ಆಗಬೇಕಾದ ಕೆಲಸಗಳಿಗೆ ಓಡಾಡಿದರು. ಹೂವು, ಪೆಟ್ಟಿಗೆ, ಫಾದರಿಗೆ ಹೇಳುವುದು, ಎಲ್ಲ ಅವರದೇ. ಅವರು ಜಗಳ ತೆಗೆಯುತ್ತಾರೆ ಎಂದು ನಾವಿಬ್ಬರೂ ಕಾದೆವು. ತೆಗೆಯಲಿಲ್ಲ. ತಿಂಗಳ ಪೂಜೆ ಮುಗಿದ ಮೇಲೆ ಐತವಾರ ಬರುವುದು ನಿಂತಿತು.

ಅದಾದ ಮೇಲೆ ಭರಣಿ ಬೈಕುಲ್ಲಾದಲ್ಲಿ, ನಾವು ಚೆಂಬೂರಿನಲ್ಲಿ. ವೈನ್ ಮಾಡುವವರಿಲ್ಲ. ಇವರು ನಿವೃತ್ತರಾದ ವರ್ಷ ಇವರ ಹಳೆಯ ಸಹೋದ್ಯೋಗಿಯೊಬ್ಬರು ಕೆನಡಾಕ್ಕೆ ಹೋಗಿದ್ದವರು ಒಂದು ಪೆಟ್ಟಿಗೆ ತಂದುಕೊಟ್ಟರು. ವೈನ್ ಕಿಟ್. ಅಲ್ಲಿ ಎಲ್ಲರೂ ಮನೆಯಲ್ಲಿ ಇದರಿಂದಲೇ ಮಾಡುತ್ತಾರಂತೆ. ಒಳಗೆ ಒಂದು ಪ್ಲಾಸ್ಟಿಕ್ ಚೀಲದ ತುಂಬ ಕಾಕಂಬಿಯಂತಹ ಕಪ್ಪು ದ್ರಾಕ್ಷಿ ರಸ, ಯೀಸ್ಟಿನ ಪುಡಿ, ಮುಲ್ತಾನಿ ಮಿಟ್ಟಿಯಂಥ ಇನ್ನೊಂದು ಪುಡಿ, ಒಂದು ಹಿಡಿ ಮರದ ಚಕ್ಕೆ, ಮತ್ತೆರಡು ಸಣ್ಣ ಪೊಟ್ಟಣ. ಬಕೆಟ್ಟಿನಲ್ಲಿ ನೀರು ಬೆರೆಸಿ ಹೇಳಿದ ಕ್ರಮದಲ್ಲಿ ಹಾಕುತ್ತ ಹೋಗಬೇಕು. ಹಿಸುಕುವುದಿಲ್ಲ, ಆರಿಸುವುದಿಲ್ಲ.

"ಇದು ಹುಡುಗೂರು ಆಡೋ ಅಡಿಗಿ ಆತಲ್ಲ," ಎಂದು ಇವರು ನಕ್ಕರು. ಆದರೆ ಬಕೆಟ್ಟನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ. ಮೂರು ಸಲ ಬಿಸಿನೀರಿನಲ್ಲಿ ತಾವೇ ತೊಳೆದರು. ಮುಚ್ಚಳದ ಮೇಲೆ ಸಿಕ್ಕಿಸಿದ ಸಣ್ಣ ಕೊಳವೆಯಲ್ಲಿ ನೀರು ಗುಳುಕ್ ಗುಳುಕ್ ಎನ್ನತೊಡಗಿದಾಗ ನಾನು ಚಪಾತಿ ಲಟ್ಟಿಸುತ್ತಿದ್ದೆ. ಇವರು ಸ್ಟೂಲು ಹಾಕಿಕೊಂಡು ಅದರ ಮುಂದೆ ಕೂತೇ ಬಿಟ್ಟರು. ಲವಂಗ, ದಾಲ್ಚಿನ್ನಿ, ಒಂದಿಷ್ಟು ಸಕ್ಕರೆ ಹಾಕಲೇ ಎಂದು ಆ ಸಹೋದ್ಯೋಗಿಗೆ ಫೋನ್ ಮಾಡಿ ಕೇಳಿ, ಏನೂ ಹಾಕಕೂಡದು ಎಂದು ಬೈಸಿಕೊಂಡರು.

ಆರು ಬಾಟಲಿಯಾಯಿತು. ಬಾಟಲಿಗೆ ಹಿಡಿಯದೆ ಉಳಿದದ್ದನ್ನು ಇಬ್ಬರೂ ಲೋಟದಲ್ಲಿ ಹಂಚಿಕೊಂಡೆವು. ಮೂಗಿಗೆ ಬಡಿದದ್ದು ಬೆಂಕಿಕಡ್ಡಿ ಗೀರಿದ ವಾಸನೆ. ಬಾಯಿಗೆ ಕಾಯಿ ಪೇರಲೆ ಕಚ್ಚಿದ ಹಾಗೆ ಒಗರು, ತೆಳು, ಸಿಹಿ ಇಲ್ಲವೇ ಇಲ್ಲ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲೇ ಬರೆದಿತ್ತು, ವರ್ಷದೊಳಗೆ ಕುಡಿದು ಮುಗಿಸಿ ಎಂದು. ನಾನು ಓದಿ ಹೇಳಿದೆ. "ಅವ್ರಿಗೆ ತಾಳ್ಮಿ ಎಲ್ಲಿ ಅದ," ಎಂದರು ಇವರು, "ಅವ್ವನ ವೈನ್ ಬಾಯಿಗೆ ಬರಾಕ ಮೂರ ವರ್ಷ." ನನಗೂ ಅದು ಸರಿಯೆಂದೇ ಕಂಡಿತು. ನಾವಿಬ್ಬರೂ ಕಂಡಿದ್ದ ವೈನ್ ಅದೊಂದೇ. ಅದು ಭರಣಿಯಲ್ಲಿ ಸಕ್ಕರೆಯ ಬಲದ ಮೇಲೆ ಕೂತಿದ್ದ ವೈನ್, ಇದು ಚೀಲದ ರಸ ಎನ್ನುವುದು ಹೊಳೆಯಲಿಲ್ಲ. ಬಾಟಲಿಗಳನ್ನು ಹಳೆಯ ಚಾದರದಲ್ಲಿ ಸುತ್ತಿ ಅಡುಗೆಮನೆಯ ಲಾಫ್ಟಿನಲ್ಲಿ ಮಲಗಿಸಿದರು.

"ಅಣ್ಣ ಬರ್ಲಿ. ಅವ ಹೇಳ್ಲಿ ಹೆಂಗಾಗೇದ ಅಂತ," ಎಂದರು ಸ್ಟೂಲಿನಿಂದ ಇಳಿಯುತ್ತ.

ಆಗ ನನಗೆ ಈ ಖಟಾಟೋಪವೆಲ್ಲ ಯಾಕೆಂದು ತಿಳಿಯಿತು. ಅವ್ವನ ವೈನಿನ ರುಚಿಯಲ್ಲೇ ಬೆಳೆದವರು ಇನ್ನು ಅವರಿಬ್ಬರೇ. ಅಣ್ಣ ಬಂದು ಬೈದರೆ ಮನೆ ಮತ್ತೆ ಮೊದಲಿನಂತಾದೀತು ಎಂದು ಇವರು ನಂಬಿದ್ದರು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮಾಡಿದ್ದೆಲ್ಲ ಅದಕ್ಕಾಗಿಯೇ.

ಬೇಸಿಗೆಗೆ ಮೊದಲು, ಈಸ್ಟರಿಗೆ, ಪುಣೆಯಿಂದ ಮಗಳು ಬಂದಳು. ಒಂದನ್ನಾದರೂ ತೆಗೆಯಿರಿ ಎಂದು ಹಟ ಮಾಡಿದಳು. ತೆಗೆದರು. ಬಿಳಿ ಮೇಜುಬಟ್ಟೆಯ ಮೇಲೆ ಸುರಿದಾಗಲೇ ನನಗೆ ಅಂಚಿನ ಕೆಂಪು ಕಂಡಿತು. ಕಡ್ಡಿಯ ವಾಸನೆ ಎಲ್ಲಿಗೆ ಹೋಗಿತ್ತೋ. ಒಗರು ಮೆತ್ತಗಾಗಿ, ಹಣ್ಣಾದ ನೇರಳೆ ತಿಂದಾಗ ಉಳಿಯುವಷ್ಟೇ ಉಳಿದಿತ್ತು. ಮರದ ಚಕ್ಕೆಯಿಂದ ಹೊಸ ಪೆನ್ಸಿಲ್ ಕೆತ್ತಿದಂಥ ಪರಿಮಳ. ಅತ್ತೆಯ ವೈನಿನ ಹಾಗೆ ಎದೆಗೆ ಇಳಿಯುವಂಥದಲ್ಲ, ಬಾಯಲ್ಲೇ ತಿರುಗಿ ತಿರುಗಿ ನಿಲ್ಲುವಂಥದು. ಅದರಷ್ಟಕ್ಕೆ ಅದು ಪೂರ್ತಿಯಾಗಿತ್ತು.

"ಪಪ್ಪಾ, ಯೇ ತೋ ಮಸ್ತ್ ಹೈ," ಎಂದಳು ಮಗಳು. ಅವಳ ಕನ್ನಡ ಅರ್ಧ ದಾರಿಗೆ ನಿಲ್ಲುತ್ತದೆ. "ಇನ್ನು ಇಡಬೇಡ. ಎಲ್ಲಾ ಈಗಲೇ ಕುಡಿ."

ಇವರು ಗ್ಲಾಸು ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಿದ್ದರು. ಆಮೇಲೆ ನಾನೇ ಹೇಳಿದೆ, ಒಂದು ಬಾಟಲಿ ಕೈಚೀಲದಲ್ಲಿ ಹಾಕಿ ಕೊಡಿ, ಬೈಕುಲ್ಲಾಕ್ಕೆ ನಾನು ಹೋಗಿ ಕೊಟ್ಟು ಬರುತ್ತೇನೆ ಎಂದು. ಇವರು ಬೇಡವೆಂದು ತಲೆಯಾಡಿಸಿದರು.

"ಒಯ್ದು ಕೊಟ್ರ ಅದು ಕಾಣಿಕಿ ಆಗ್ತದ. ಅವ ಬಂದು ಕುಡೀಬೇಕು."

ನಾನು ಮತ್ತೆ ಕೇಳಲಿಲ್ಲ. ಅಣ್ಣ ತಮ್ಮಂದಿರ ನಡುವೆ ಹೋಗಬಾರದು ಎಂದುಕೊಂಡೆ. ಈಗ ಅನಿಸುತ್ತದೆ, ಆ ವಾರ ಆ ಬಾಟಲಿ ಕುರ್ಲಾ ದಾಟಿದ್ದರೆ ಸಾಕಿತ್ತು. ಕಾಣಿಕೆಯೋ ಮತ್ತೊಂದೋ, ಬಾಯಿಗಾದರೂ ಬೀಳುತ್ತಿತ್ತು.

ಇವರು ಫೋನ್ ಮಾಡುತ್ತಿದ್ದರು. ಭಾವ ಒಂದು ಸಲವೂ ಇಲ್ಲ ಎನ್ನಲಿಲ್ಲ. ಬರುವ ಐತವಾರ ಎಂದರು, ಆ ಐತವಾರ ಸೆಂಟ್ರಲ್ ಲೈನಿಗೆ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ರೈಲು ಬಂದ್. ಮಳೆ ನಿಲ್ಲಲಿ ಎಂದರು. ಮಳೆ ನಿಂತಾಗ ಮೊಣಕಾಲು ನೋವು. ಪ್ರತಿ ಸಲವೂ ನಾನು ಶೋಕೇಸಿನಿಂದ ಗ್ಲಾಸುಗಳನ್ನು ತೆಗೆದು ತೊಳೆದು, ಒರೆಸಿ, ಮಟನ್ ತರಿಸಿ, ಮಧ್ಯಾಹ್ನ ಎರಡು ದಾಟಿದ ಮೇಲೆ ನಾವಿಬ್ಬರೇ ಉಂಡು, ಗ್ಲಾಸುಗಳನ್ನು ಒಳಗಿಡುತ್ತಿದ್ದೆ. ಫೋನಿನಲ್ಲಿ ಭಾವ ಈಗ ತಮ್ಮನನ್ನು ‘ಲೇ’ ಎಂದು ಕರೆಯುತ್ತಿರಲಿಲ್ಲ. ಆರೋಗ್ಯ ಹೆಂಗದ, ಮಗಳು ಹೆಂಗಿದಾಳ, ಎಂದು ಕ್ರಮವಾಗಿ ಕೇಳುತ್ತಿದ್ದರು. ಇವರೂ ಕ್ರಮವಾಗಿ ಉತ್ತರ ಕೊಡುತ್ತಿದ್ದರು. ಒಬ್ಬರು ಕೇಳಿ ಮುಗಿಸುವವರೆಗೆ ಇನ್ನೊಬ್ಬರು ಕಾಯುತ್ತಿದ್ದರು. ಮೊದಲು ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದವರು.

ಮುಂಬಯಿಯ ಮೇ ತಿಂಗಳು, ಲಾಫ್ಟಿನ ಕೆಳಗೆ ಗ್ಯಾಸ್ ಒಲೆ, ಕುಕ್ಕರಿನ ಆವಿ. ಒಂದು ದಿನ ಧೂಳು ಹೊಡೆಯುವಾಗ ನೋಡಿದರೆ ಒಂದು ಬಾಟಲಿಯ ಬೂಚು ಒಂಚೂರು ಮೇಲೆದ್ದು, ಪಕ್ಕದಲ್ಲಿ ಅಂಟಂಟಾದ ಒಂದು ಗೆರೆ ಇಳಿದಿತ್ತು. ಇರುವೆಗಳು ಮುತ್ತಿದ್ದವು. ಫ್ರಿಜ್ಜಿನಲ್ಲಿ ಇಡೋಣವೇ ಎಂದೆ. ಅವ್ವನ ಭರಣಿ ಮಂಚದ ಕೆಳಗೇ ಇತ್ತಲ್ಲ, ಅದಕ್ಕೆ ಯಾವ ಫ್ರಿಜ್ಜು ಎಂದರು. ಫ್ರಿಜ್ಜಿನಲ್ಲಿ ಹಿಟ್ಟು, ಮೀನು, ತರಕಾರಿಗೇ ಜಾಗ ಸಾಲದು. ನಾನು ಒರೆಸಿ ಮತ್ತೆ ಮಲಗಿಸಿದೆ.

ಎರಡನೆಯ ಕ್ರಿಸ್ಮಸ್ಸಿಗೆ ಆ ಬೂಚೆದ್ದ ಬಾಟಲಿಯನ್ನು ತೆಗೆದೆವು. ಕುಡಿಯಲು ಬರುವಂತಿತ್ತು. ಆದರೆ ನೇರಳೆ ಹಿಂದೆ ಸರಿದು, ಮರದ ಚಕ್ಕೆ ಮುಂದೆ ಬಂದಿತ್ತು. ಗುಟುಕು ನುಂಗಿದ ಕೂಡಲೇ ಬಾಯಿ ಖಾಲಿ. ಮೊದಲು ಅಲ್ಲಿ ಏನೋ ನಿಲ್ಲುತ್ತಿತ್ತು. ನಾನು ಇವರ ಮುಖ ನೋಡಿದೆ. "ಹದಕ್ಕ ಬರೂ ಮುಂಚೆ ಒಮ್ಮೆ ಹಿಂಗ ಮಂಕ ಆಗ್ತದ," ಎಂದರು. ಹಾಗೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಭಾವ ಬಂದದ್ದು ಅದರ ಮುಂದಿನ ವರ್ಷ, ಚಳಿ ಶುರುವಾಗುವ ಮೊದಲು. ಅವರ ಮಗಳ ಮದುವೆ ಗೊತ್ತಾಗಿತ್ತು. ಮದುವೆಯ ಕಾಗದ ಒಡಹುಟ್ಟಿದವನ ಕೈಗೆ ತಾವೇ ಕೊಡಬೇಕಲ್ಲ. ಹಿಂದಿನ ದಿನ ಫೋನ್ ಮಾಡಿ, ನಾಳೆ ಹನ್ನೊಂದಕ್ಕೆ ಮನೆಯಲ್ಲಿ ಇರುತ್ತೀರಾ ಎಂದು ಕೇಳಿದರು. ಇವರು ಫೋನ್ ಇಟ್ಟು, "ಇರ್ತೀರಾ ಅಂತ ಕೇಳ್ತಾನ," ಎಂದು ನನಗೆ ಹೇಳಿದರು. ಆದರೂ ಅವತ್ತು ಬೆಳಿಗ್ಗೆ ಬೇಗ ಗಡ್ಡ ಮಾಡಿಕೊಂಡರು.

ಹನ್ನೊಂದಕ್ಕೆ ಬೆಲ್ಲು ಸದ್ದು ಮಾಡಿತು. ಮೆಟ್ಟಿಲ ಮೇಲೆ ಬೈಗುಳ ಕೇಳಿಸಿರಲಿಲ್ಲ. ಬಾಗಿಲು ತೆಗೆದರೆ ಭಾವ, ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಕೈಯಲ್ಲಿ ಮಿಠಾಯಿ ಡಬ್ಬಿ. ಕೂದಲೆಲ್ಲ ಬೆಳ್ಳಗಾಗಿತ್ತು. ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು ಬಂದರು. ಸೋಫಾದ ತುದಿಯಲ್ಲಿ ಕೂತರು. ಅವರ ಜಾಗ ಕಿಟಕಿಯ ಪಕ್ಕದ ಬೆತ್ತದ ಕುರ್ಚಿ, ಅದು ಖಾಲಿಯೇ ಇತ್ತು.

ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮನಿಗೆ ಕೊಟ್ಟರು. "ನೀವೆಲ್ಲಾರೂ ಎರಡ ದಿನ ಮೊದಲ ಬರಬೇಕು," ಎಂದರು. ಇವರು ಎದ್ದು ನಿಂತು ತೆಗೆದುಕೊಂಡರು.

ಹುಡುಗ ಯಾರು, ಏನು ಕೆಲಸ, ಯಾವ ಹಾಲ್‌ನಲ್ಲಿ ಮದುವೆ, ಅಡುಗೆ ಯಾರದು ಎಂದು ಸ್ವಲ್ಪ ಮಾತಾಯಿತು. ಆಮೇಲೆ ಇವರು ಅಡುಗೆಮನೆಗೆ ಬಂದು ಸ್ಟೂಲು ಎಳೆದರು. ಬೇಡವೆಂದು ಹೇಳಲು ನನ್ನ ಬಾಯಿಗೆ ಬಂತು. ಆದರೆ ಇವರು ಆಗಲೇ ಸ್ಟೂಲು ಹತ್ತಿದ್ದರು, ನಾನು ಅದನ್ನು ಹಿಡಿದುಕೊಂಡು ನಿಂತೆ.

ಬೂಚು ಬರುವಾಗ ಪುಡಿಪುಡಿಯಾಯಿತು. ನಾನು ಚಹಾದ ಜಾಲರಿಯಲ್ಲಿ ಸೋಸಿದೆ. ಗ್ಲಾಸುಗಳನ್ನು ಮೇಜಿನ ಮೇಲಿಟ್ಟಾಗ ಅಂಚು ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ಮೂಗಿಗೆ ಒದ್ದೆ ರಟ್ಟಿನ ವಾಸನೆ, ಅದರ ಹಿಂದೆ ಒಂದೆಳೆ ಹುಳಿ. ಇವರಿಗೂ ಗೊತ್ತಾಯಿತು. ನನ್ನನ್ನು ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿದರು. ಇನ್ನು ಹಿಂದೆ ತೆಗೆದುಕೊಂಡು ಹೋಗುವಂತಿರಲಿಲ್ಲ. ಮತ್ತು, ನನಗನಿಸುತ್ತದೆ, ಕೆಟ್ಟಿದ್ದರೆ ಇನ್ನೂ ಒಳ್ಳೆಯದೇ ಎಂದು ಆ ಕ್ಷಣ ಅವರಿಗೆ ತೋಚಿರಬೇಕು. ಇಷ್ಟು ಕೆಟ್ಟ ವೈನಿಗೆ ಅಣ್ಣ ಎಂಥ ಬೈಗುಳ ಹುಡುಕಬಹುದು. ಅವರ ಮುಖದ ಮೇಲೆ ಒಂದು ನಗು ಆಗಲೇ ತಯಾರಾಗಿ ನಿಂತಿತ್ತು.

"ಮೊದಲ ಗುಟುಕು ನಿಂದು, ಅಣ್ಣಾ. ಡಬ್ಬಿ ವೈನ್. ನಾನ ಮಾಡಿದ್ದು."

ಭಾವ ಗ್ಲಾಸು ತೆಗೆದುಕೊಂಡರು. ಕಣ್ಣು ಮುಚ್ಚಲಿಲ್ಲ. ಸ್ವಲ್ಪ ಕುಡಿದು, ನುಂಗಿದರು. ಗಂಟಲ ಮಣಿ ಒಮ್ಮೆ ತಡೆದು ಇಳಿದದ್ದನ್ನು ನಾನು ಕಂಡೆ.

"ಛಲೋ ಆಗೇದ," ಎಂದರು. "ಭಾಳ ಛಲೋ ಆಗೇದ."

ಮತ್ತೊಂದು ಗುಟುಕು ಕುಡಿದರು. ಮಾತಿನ ನಡುನಡುವೆ, ಒಂದೊಂದು ಗುಟುಕಾಗಿ, ಗ್ಲಾಸನ್ನು ಪೂರ್ತಿ ಮುಗಿಸಿದರು. ಇನ್ನೊಂದು ಸ್ವಲ್ಪ ಎಂದು ನಾನು ಕೇಳಲಿಲ್ಲ, ಕೇಳಿದ್ದರೆ ಅದನ್ನೂ ಕುಡಿಯುತ್ತಿದ್ದರು. ಇವರ ಮುಖದ ನಗು ಯಾವಾಗ ಹೋಯಿತೋ ಗೊತ್ತಿಲ್ಲ. ತಮ್ಮ ಗ್ಲಾಸಿನತ್ತ ನೋಡುತ್ತ, ಥ್ಯಾಂಕ್ಸ್ ಅಣ್ಣಾ ಎಂದರು. ನಾನು ಮದುವೆಯಾಗಿ ಬಂದಂದಿನಿಂದ ಆ ಇಬ್ಬರ ನಡುವೆ ಆ ಶಬ್ದ ಕೇಳಿರಲಿಲ್ಲ.

ಊಟಕ್ಕೆ ನಿಲ್ಲಿ ಎಂದೆ. ಇನ್ನೂ ನಾಲ್ಕು ಮನೆಗೆ ಕಾಗದ ಕೊಡುವುದಿದೆ ತಂಗಿ, ಎಂದು ಎದ್ದರು. ಗ್ಲಾಸನ್ನು ತಾವೇ ಸಿಂಕಿನವರೆಗೆ ತಂದಿಟ್ಟರು. ಅಷ್ಟು ದಾಕ್ಷಿಣ್ಯ.

ಇವರು ಕಿಟಕಿಯ ಹತ್ತಿರ ನಿಂತು, ಭಾವ ಮೊಣಕಾಲು ಹಿಡಿದುಕೊಂಡು ಗೇಟು ದಾಟಿ ರಿಕ್ಷಾ ಹತ್ತುವವರೆಗೆ ನೋಡಿದರು. ಆಮೇಲೆ ಬಂದು ಬೆತ್ತದ ಕುರ್ಚಿಯಲ್ಲಿ ಕೂತರು.

"ಒಂದ ಮಾತ ಬೈದಿದ್ರ ಸಾಕಿತ್ತು," ಎಂದರು.

ನಾನು ಬಾಟಲಿಯಲ್ಲಿ ಉಳಿದದ್ದನ್ನು ಸಿಂಕಿಗೆ ಸುರಿದೆ. ಲಾಫ್ಟಿನಲ್ಲಿದ್ದ ಉಳಿದವನ್ನೂ ಇಳಿಸಿ ಸುರಿದೆ. ಇವರು ತಡೆಯಲಿಲ್ಲ. ಬಿಳಿ ಸಿಂಕಿನಲ್ಲಿ ತುಕ್ಕುನೀರಿನಂತೆ ಹರಿದುಹೋಯಿತು. ಎರಡು ಸಲ ವಿಮ್ ಹಚ್ಚಿ ತಿಕ್ಕಿದೆ.

ಮದುವೆಗೆ ಎರಡು ದಿನ ಮೊದಲು ಹೋಗಲಿಲ್ಲ, ಅದೇ ದಿನ ಹೋದೆವು. ನಮ್ಮನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಕೇಕು ಕತ್ತರಿಸುವ ಹೊತ್ತಿಗೆ ಕೇಟರರ್ ಹುಡುಗರು ಟ್ರೇಗಳಲ್ಲಿ ಅಂಗಡಿಯ ವೈನ್ ಹಂಚುತ್ತ ಬಂದರು. ಭಾವ ಅಷ್ಟು ಗಡಿಬಿಡಿಯ ನಡುವೆಯೂ ಬಂದು, ಟ್ರೇಯಿಂದ ಒಂದು ಗ್ಲಾಸು ತೆಗೆದು ತಮ್ಮನ ಕೈಗೆ ಕೊಟ್ಟು, ಪಕ್ಕದಲ್ಲೇ ನಿಂತರು. ಇವರು ಕುಡಿದರು. ಬೆಚ್ಚಗಾಗಿ ಹೋಗಿತ್ತು, ಬರೀ ಹುಳಿ, ನಾನೂ ರುಚಿ ನೋಡಿದ್ದೆ. ಭಾವ ಹೋಗಲಿಲ್ಲ. ಯಾರೋ ಸ್ಟೇಜಿನಿಂದ ಕರೆಯುತ್ತಿದ್ದರು, ಆದರೂ ತಮ್ಮನ ಬಾಯನ್ನೇ ನೋಡುತ್ತ ನಿಂತಿದ್ದರು. ಈಗ ಹೇಳಿ, ಈಗಲಾದರೂ ಹೇಳಿ ಎಂದು ನಾನು ಇವರ ಮಗ್ಗುಲಲ್ಲಿ ಮನಸ್ಸಿನಲ್ಲೇ ಅನ್ನುತ್ತ ಕೂತಿದ್ದೆ.

"ಛಲೋ ಅದ, ಅಣ್ಣಾ," ಎಂದರು ಇವರು.

ಭಾವ ತಲೆಯಾಡಿಸಿದರು. ಊಟ ಮಾಡದೆ ಹೋಗಬಾರದು ಎಂದು ನಮ್ಮಿಬ್ಬರಿಗೂ ಹೇಳಿ, ಕರೆಯುತ್ತಿದ್ದ ಕಡೆಗೆ ನಡೆದರು.